ನಾನು ಯಂತ್ರವಲ್ಲ ಎಂದು ಹೇಳಲು ಯಾವ ಭಾಷೆ ಬೇಕು?



ಗೋರಂಟ್ಲದ ಬಸ್ ನಿಲ್ದಾಣದ ಬಳಿಯ ಒಂದು ನೆಟ್ ಸೆಂಟರಿನಲ್ಲಿ ನಾವು ಕಣ್ಣಾರೆ ಕಂಡ ಸಂಗತಿ ಇದು. ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವ ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ತಾಯಿಯೊಬ್ಬರು ಬಂದಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ರೇಷನ್ ಕಾರ್ಡು, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಶಾಲೆಯಿಂದ ಬರೆಸಿ ತಂದ ವ್ಯಾಸಂಗ ಪತ್ರ. ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಕಾಗದ ಪತ್ರಗಳೆಲ್ಲವೂ ಸರಿಯಾಗಿದ್ದವು. ಆದರೆ ಅರ್ಜಿಯ ಪುಟ ತೆರೆಯುವ ಮೊದಲೇ ಕಂಪ್ಯೂಟರಿನ ಪರದೆ ಅವರನ್ನು ತಡೆಯಿತು: ಲಾಗಿನ್ ಆಗಿ, ನೀವು ಯಂತ್ರವಲ್ಲವೆಂದು ಸಾಬೀತುಪಡಿಸಿ ಎಂದು ಇಂಗ್ಲಿಷಿನಲ್ಲಿ ಕೇಳಿತು. ಅದರ ಕೆಳಗೆ ಸೊಟ್ಟಗೆ ಬಾಗಿಸಿ, ಮೇಲೆ ಗೀರು ಎಳೆದ ಆರು ಇಂಗ್ಲಿಷ್ ಅಕ್ಷರಗಳು.

ಸೆಂಟರಿನ ಹುಡುಗ ಅಕ್ಷರಗಳನ್ನು ಒತ್ತಿದ. ತಪ್ಪೆಂದಿತು. ಮತ್ತೆ ಒತ್ತಿದ. ಈ ಸಲ ಸರಿಯಾಯಿತು, ಆದರೆ ಒಟಿಪಿ ಹೋದದ್ದು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿರುವ ಗಂಡನ ಫೋನಿಗೆ. ಅವರು ಫೋನು ಎತ್ತುವಷ್ಟರಲ್ಲಿ ಅವಧಿ ಮುಗಿದು, ಹೊಸ ಆರು ಅಕ್ಷರಗಳು ಬಂದು ನಿಂತವು.

"ಏನಂತೈತಪ್ಪ ಅದು?" ಎಂದು ಆ ತಾಯಿ ಕೇಳಿದರು.

"ನೀನು ಮನುಷ್ಯಳೋ ಮಿಷನ್ನೋ ಅಂತ ಕೇಳ್ತೈತಕ್ಕ."

"ಎದುರಿಗೇ ಕುಂತಿದೀನಲ್ಲಪ್ಪ, ಕಾಣಾಕಿಲ್ವಾ ಅದಕ್ಕೆ?"

ಅಲ್ಲಿದ್ದವರೆಲ್ಲ ನಕ್ಕರು, ಆ ತಾಯಿಯೂ ನಕ್ಕರು. ಅಂದು ಅರ್ಜಿ ಹೋಗಲಿಲ್ಲ. ನಗು ಅಲ್ಲಿಗೇ ಮುಗಿಯಿತು. ಪ್ರಶ್ನೆ ಮಾತ್ರ ನಮ್ಮೊಡನೆ ಮನೆಯವರೆಗೂ ಬಂದಿತು. ಎದುರಿಗೆ ಕುಳಿತ ತಾಯಿಯೊಬ್ಬಳು ತಾನು ಮನುಷ್ಯಳೆಂದು ಸಾಬೀತುಪಡಿಸಲು ತನಗೆ ಬಾರದ ಲಿಪಿಯನ್ನು ಓದಬೇಕೆಂಬ ನಿಯಮ ಎಲ್ಲಿಂದ ಬಂತು? ಅದನ್ನು ನಾವು ಸುಮ್ಮನೆ ಒಪ್ಪಿಕೊಳ್ಳಬೇಕೆ?

ಮೊದಲು ಈ ಪರೀಕ್ಷೆಯ ಹಿನ್ನೆಲೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಇದಕ್ಕೆ ಕ್ಯಾಪ್ಚಾ ಎಂದು ಹೆಸರು. 2000ದ ಸುಮಾರಿಗೆ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಮಾನ್ಯುಯೆಲ್ ಬ್ಲಮ್, ಅವರ ವಿದ್ಯಾರ್ಥಿ ಲೂಯಿಸ್ ಫಾನ್ ಆನ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಮನುಷ್ಯರಂತೆ ನಟಿಸಿ ಸಾವಿರಾರು ಸುಳ್ಳು ಖಾತೆ ತೆರೆಯುವ ಪ್ರೋಗ್ರಾಮುಗಳ ಕಾಟ ಆಗ ಯಾಹೂ ಕಂಪನಿಗೆ ಇತ್ತು. ಇಂಥ ಪ್ರೋಗ್ರಾಮುಗಳನ್ನೇ ಬಾಟ್ ಎನ್ನುತ್ತಾರೆ. ಸೊಟ್ಟ ಅಕ್ಷರವನ್ನು ಮನುಷ್ಯನ ಕಣ್ಣು ಓದಬಲ್ಲದು, ಯಂತ್ರ ಓದಲಾರದು ಎಂಬುದು ಅಂದಿನ ಲೆಕ್ಕ. ಅದಕ್ಕೂ ಅರ್ಧ ಶತಮಾನ ಮೊದಲು, 1950ರಲ್ಲಿ, ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ಒಂದು ಪರೀಕ್ಷೆಯನ್ನು ಸೂಚಿಸಿದ್ದರು. ಅದರಲ್ಲಿ ಪರೀಕ್ಷಕ ಮನುಷ್ಯ. ಉತ್ತರ ಕೊಡುವವರಲ್ಲಿ ಯಂತ್ರ ಯಾವುದೆಂದು ಅವನು ಕಂಡುಹಿಡಿಯಬೇಕು. ಈಗ ಪೀಠ ಅದಲು ಬದಲಾಗಿದೆ. ಯಂತ್ರ ಪರೀಕ್ಷಕನ ಕುರ್ಚಿಯಲ್ಲಿದೆ, ಮನುಷ್ಯ ಕಟಕಟೆಯಲ್ಲಿದ್ದಾನೆ.

ಇಂಥ ತಪಾಸಣೆಯೇ ಬೇಡವೆಂದು ನಾವು ಹೇಳುವುದಿಲ್ಲ. ಬಾಟ್‌ಗಳ ಕಾಟ ನಿಜವಾದದ್ದು. ಹಿಂದೂಪುರದಿಂದ ರೈಲು ಹತ್ತುವವರಿಗೆ ತತ್ಕಾಲ್ ಟಿಕೆಟಿನ ಪಾಡು ಗೊತ್ತೇ ಇದೆ. ತತ್ಕಾಲ್ ಬುಕಿಂಗ್ ತೆರೆದ ಮೊದಲ ಐದು ನಿಮಿಷಗಳಲ್ಲಿ ಲಾಗಿನ್ ಪ್ರಯತ್ನಗಳ ಪೈಕಿ ಶೇಕಡ 50ರವರೆಗೆ ಬಾಟ್‌ಗಳದೇ ಎಂದು ರೈಲ್ವೆ ಇಲಾಖೆ 2025ರ ಜೂನ್‌ನಲ್ಲಿ ಹೇಳಿತು. ಎರಡೂವರೆ ಕೋಟಿ ಅನುಮಾನಾಸ್ಪದ ಖಾತೆಗಳನ್ನು ನಿಲ್ಲಿಸಿದ್ದಾಗಿಯೂ ತಿಳಿಸಿತು. ಅದೇ ವರ್ಷ ಜುಲೈ 1ರಿಂದ, ಆಧಾರ್ ಮೂಲಕ ದೃಢೀಕರಿಸಿಕೊಂಡವರು ಮಾತ್ರ ಇಂಟರ್ನೆಟ್ಟಿನಲ್ಲಿ ತತ್ಕಾಲ್ ಟಿಕೆಟು ಪಡೆಯಬಹುದೆಂಬ ನಿಯಮ ಬಂತು. ದಲ್ಲಾಳಿಗಳ ಕೈಯಿಂದ ಟಿಕೆಟು ತಪ್ಪಿಸಿ ಜನರಿಗೆ ಕೊಡಿಸಲು ಬಾಗಿಲಲ್ಲಿ ಕಾವಲುಗಾರ ಬೇಕೆಂಬುದು ನ್ಯಾಯವೇ. ಕಾವಲುಗಾರ ತಡೆಯುತ್ತಿರುವುದು ಯಾರನ್ನು ಎಂಬುದನ್ನು ಮಾತ್ರ ನೋಡಬೇಕು.

ಸೊಟ್ಟ ಅಕ್ಷರದ ಕಾವಲುಗಾರ ಈಗ ಕಳ್ಳನನ್ನು ಒಳಗೆ ಬಿಟ್ಟು ಮನೆಯವರನ್ನೇ ಹೊರಗೆ ನಿಲ್ಲಿಸುತ್ತಿದ್ದಾನೆ. ಅಮೆರಿಕದ ಸಂಶೋಧಕರು 1,400 ಜನರಿಂದ ಈ ಪರೀಕ್ಷೆಗಳನ್ನು ಬರೆಸಿ, ಫಲಿತಾಂಶವನ್ನು 2023ರಲ್ಲಿ ಪ್ರಕಟಿಸಿದರು. ಸೊಟ್ಟ ಅಕ್ಷರಗಳನ್ನು ಓದಲು ಮನುಷ್ಯರಿಗೆ 9ರಿಂದ 15 ಸೆಕೆಂಡು ಹಿಡಿಯಿತು, ಸರಿಯುತ್ತರ ಶೇಕಡ 50ರಿಂದ 84. ಬಾಟ್‌ಗಳಿಗೆ ಒಂದು ಸೆಕೆಂಡೂ ಬೇಕಾಗಲಿಲ್ಲ, ಸರಿಯುತ್ತರ ಶೇಕಡ 99ಕ್ಕೂ ಮೇಲೆ. ಅಂದರೆ ಯಂತ್ರವನ್ನು ತಡೆಯಲೆಂದು ಕಟ್ಟಿದ ಬೇಲಿಯನ್ನು ಯಂತ್ರ ಸುಲಭವಾಗಿ ಹಾರುತ್ತದೆ. ಅಡ್ಡ ಬೀಳುವವರು ಮನುಷ್ಯರು. ಅದರಲ್ಲೂ ಇಂಗ್ಲಿಷ್ ಓದಲು ಬಾರದವರು, ಕಣ್ಣು ಮಂಜಾದವರು, ಕೀಲಿಮಣೆಯ ಮೇಲೆ ಬೆರಳಾಡಿಸಿ ಅಭ್ಯಾಸವಿಲ್ಲದವರು ಮೊದಲು ಬೀಳುತ್ತಾರೆ.

ಅಕ್ಷರದ ಬದಲು ಚಿತ್ರ ತೋರಿಸುವ ಪರೀಕ್ಷೆಗಳೂ ಇವೆ. ಅವುಗಳಲ್ಲಿ ರಸ್ತೆಯ ಸಿಗ್ನಲ್ ದೀಪ, ಪಟ್ಟೆ ಬಳಿದ ದಾಟುದಾರಿ, ಬೆಂಕಿ ಆರಿಸಲು ರಸ್ತೆಬದಿಯಲ್ಲಿ ನೆಟ್ಟ ಕೆಂಪು ನಲ್ಲಿಕಂಬ ಇತ್ಯಾದಿಗಳನ್ನು ಗುರುತಿಸಲು ಹೇಳುತ್ತಾರೆ. ಇವು ಅಮೆರಿಕದ ಬೀದಿಯ ವಸ್ತುಗಳು. ಚಿತ್ರಾವತಿಯ ದಂಡೆಯ ಹಳ್ಳಿಯ ಮಗುವಿಗೆ ಏತ, ಕಪಿಲೆ, ಶೇಂಗಾ ಬಣವೆ ಗೊತ್ತು. ಆ ನಲ್ಲಿಕಂಬವನ್ನು ಅದು ಹುಟ್ಟಿದಂದಿನಿಂದ ಕಂಡಿಲ್ಲ. ಕಾಣದಿರುವುದು ಮಗುವಿನ ತಪ್ಪೂ ಅಲ್ಲ, ಅದರಿಂದ ಮಗು ಯಂತ್ರವೂ ಆಗುವುದಿಲ್ಲ.

ಈ ಮೊದಲ ಬಾಗಿಲು ದಾಟಿದವರಿಗೆ ಎರಡನೆಯದು ಕಾದಿರುತ್ತದೆ. ಅದು ಹೆಸರಿನ ಬಾಗಿಲು. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಗುರುಗಳು ಕನ್ನಡದಲ್ಲಿ ತಿಪ್ಪೇಸ್ವಾಮಿ ಎಂದು ಬರೆದಿರುತ್ತಾರೆ. ಆಧಾರ್ ಕಾರ್ಡಿನಲ್ಲಿ ಅದು ತೆಲುಗು ಮತ್ತು ಇಂಗ್ಲಿಷಿನಲ್ಲಿರುತ್ತದೆ. ಇಂಗ್ಲಿಷಿನಲ್ಲಿ ಮೊದಲ ಅಕ್ಷರದ ಪಕ್ಕ ಒಬ್ಬರು ಎಚ್ ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಕೊನೆಗೆ ಒಬ್ಬರು ವೈ ಬರೆದರೆ ಇನ್ನೊಬ್ಬರು ಐ ಬರೆಯುತ್ತಾರೆ. ಕಲ್ಯಾಣದುರ್ಗದ ಕಡೆ ಬೀದಿಗೊಬ್ಬ ತಿಪ್ಪೇಸ್ವಾಮಿ ಇದ್ದಾನೆ. ಊರಿನವರಿಗೆ ಅವರಲ್ಲಿ ಯಾರು ಯಾರೆಂದು ಗೊತ್ತು. ಯಂತ್ರಕ್ಕೆ ಮಾತ್ರ ಒಬ್ಬನೇ ಹುಡುಗ ಇಬ್ಬರಾಗಿ ಕಾಣುತ್ತಾನೆ. ಇದರ ಮೇಲೆ ಮನೆತನದ ಹೆಸರಿನ ತೊಡಕು ಬೇರೆ. ತೆಲುಗು ಮನೆಗಳಲ್ಲಿ ಇಂಟಿಪೇರು ಮೊದಲು ಬರುತ್ತದೆ. ನಮ್ಮ ಎಷ್ಟೋ ಕನ್ನಡ ಮನೆಗಳಲ್ಲಿ ಅಂಥ ಹೆಸರಿನ ವಾಡಿಕೆಯೇ ಇಲ್ಲ. ತಂದೆಯ ಹೆಸರಿನ ಮೊದಲಕ್ಷರವೇ ಸಾಕು. ಆದರೂ ಅರ್ಜಿಯ ಆ ಕಲಮು ಖಾಲಿ ಬಿಟ್ಟರೆ ಮುಂದಕ್ಕೆ ಹೋಗದು. ಏನನ್ನೋ ತುಂಬಿದರೆ ಆಧಾರಿಗೆ ತಾಳೆಯಾಗದು. ಶಾಲಾ ಮಕ್ಕಳಿಗೆ ಕೊಡುತ್ತಿರುವ ಅಪಾರ್ ಎಂಬ ಗುರುತಿನ ಸಂಖ್ಯೆಗೂ, ತಾಯಂದಿರ ಖಾತೆಗೆ ಹಣ ಹಾಕುವ ಯೋಜನೆಗಳಿಗೂ ಈ ತಾಳೆಯೇ ಆಧಾರ. 2025ರ ಜೂನ್‌ನಲ್ಲಿ ಆರಂಭವಾದ ತಲ್ಲಿಕಿ ವಂದನಂ ಯೋಜನೆಯಲ್ಲಿ ಮಗುವೊಂದಕ್ಕೆ 15,000 ರೂಪಾಯಿ, ಅದರಲ್ಲಿ ತಾಯಿಯ ಖಾತೆಗೆ 13,000. ಕೂಲಿಯ ಮನೆಗೆ ಅದು ಸಣ್ಣ ಮೊತ್ತವಲ್ಲ. ಒಂದು ಎಚ್ ಅಕ್ಷರದ ದೆಸೆಯಿಂದ ಅಂಥ ಹಣ ನಿಲ್ಲುವಂತಾದರೆ, ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ನೆನಪಾಗದೆ ಇರದು.

ಪೋಷಕರೆ, ಇದ್ದೇವೆಂದು ರುಜುವಾತು ಕೊಡುವುದು ಗಡಿನಾಡಿನ ನಮಗೆ ಹೊಸದೇನಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಅದಕ್ಕೆ ಸೇರಿದವು. ಅಲ್ಲಿಯ ಕನ್ನಡಿಗರಾಗಲಿ, ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡಿಗರಾಗಲಿ ಊರು ಬಿಟ್ಟು ಬಂದವರಲ್ಲ. ಇದ್ದಲ್ಲಿಯೇ ಇದ್ದರು, ಗಡಿ ಸರಿಯಿತು. ಅಂದಿನಿಂದ ನಮ್ಮ ಮಕ್ಕಳಿಗೆ ಕನ್ನಡದ ಗುರುಗಳು ಬೇಕಾದರೆ ತಲೆ ಎಣಿಸಿ ತೋರಿಸಬೇಕು. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಇಟ್ಟ ಲೆಕ್ಕ ಹೀಗಿದೆ: ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಇದ್ದರೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ವ್ಯವಸ್ಥೆಯಾಗಬೇಕು. ಅಂದು ಎಣಿಕೆ ನಡೆಯುತ್ತಿದ್ದುದು ಹಾಜರಿ ಪುಸ್ತಕದಲ್ಲಿ. ಸಾಹೇಬರು ತಪಾಸಣೆಗೆ ಬಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಇಗೋ ನೋಡಿ ಎನ್ನಬಹುದಾಗಿತ್ತು. ಇಂದು ಎಣಿಕೆ ಕಂಪ್ಯೂಟರಿನಲ್ಲಿದೆ. ಹೆಸರು ತಾಳೆಯಾಗದ ಮಗು ಬೆಂಚಿನ ಮೇಲೆ ಕುಳಿತಿದ್ದರೂ ಲೆಕ್ಕದಿಂದ ಜಾರುವ ಭಯವಿದೆ. ದೊಡ್ಡ ಶಾಲೆಯಲ್ಲಿ ಇಬ್ಬರು ಜಾರಿದರೆ ಯಾರಿಗೂ ತಿಳಿಯದು. ಹತ್ತೇ ಮಕ್ಕಳಿರುವ ಕನ್ನಡ ತರಗತಿಯಲ್ಲಿ ಇಬ್ಬರು ಜಾರಿದರೆ ತರಗತಿಯ ಬುಡಕ್ಕೇ ಕೊಡಲಿ ಬಿದ್ದಂತೆ. ಆದ್ದರಿಂದಲೇ ಈ ಸೊಟ್ಟ ಅಕ್ಷರಗಳ ವಿಷಯವನ್ನು ಸಣ್ಣದೆಂದು ನಾವು ತಳ್ಳಿಹಾಕುವಂತಿಲ್ಲ.

ಸಂವಿಧಾನ ಈ ವಿಷಯದಲ್ಲಿ ನಮ್ಮನ್ನು ಕೈಬಿಟ್ಟಿಲ್ಲ. 350ಎ ಮತ್ತು 350ಬಿ ವಿಧಿಗಳನ್ನು ನಮ್ಮ ಓದುಗರು ಬಲ್ಲರು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಮತ್ತು ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಕುರಿತಾದ ಈ ವಿಧಿಗಳು 1956ರ ಏಳನೆಯ ತಿದ್ದುಪಡಿಯಿಂದ ಬಂದವು. ಅವುಗಳ ಹಿಂದೆಯೇ ಇರುವ 350ನೆಯ ವಿಧಿಯನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ತನ್ನ ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಇಲ್ಲವೆ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂಬುದು ಅದರ ತಿರುಳು. ಮನವಿ ಕನ್ನಡದಲ್ಲಿರಬಹುದು, ಆದರೆ ಮನವಿಯ ಪೆಟ್ಟಿಗೆಯ ಬೀಗ ಇಂಗ್ಲಿಷಿನಲ್ಲಿದ್ದರೆ ಆ ಹಕ್ಕಿನ ಗತಿಯೇನು? ಭಾಷಾ ಅಲ್ಪಸಂಖ್ಯಾತರು ಶೇಕಡ 15ರಿಂದ 20ರಷ್ಟಿರುವ ಪ್ರದೇಶಗಳಲ್ಲಿ ಮುಖ್ಯವಾದ ಸರ್ಕಾರಿ ಪ್ರಕಟಣೆಗಳನ್ನೂ ನಿಯಮಗಳನ್ನೂ ಅವರ ಭಾಷೆಯಲ್ಲಿ ಹೊರಡಿಸಬೇಕೆಂಬ ರಕ್ಷಣೆಯೂ ಬಹುಕಾಲದಿಂದ ಇದೆ. ಅಂದಿನ ಪ್ರಕಟಣೆ ಗೋಡೆಯ ಮೇಲಿರುತ್ತಿತ್ತು, ಇಂದಿನದು ಪರದೆಯ ಮೇಲಿದೆ. ಗೋಡೆಗೆ ಅನ್ವಯಿಸಿದ ನ್ಯಾಯ ಪರದೆಗೂ ಅನ್ವಯಿಸಬೇಕು.

ಈಚೆಗೆ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪು ಇಲ್ಲಿ ಬಹಳ ಉಪಯುಕ್ತ. ಆಸಿಡ್ ದಾಳಿಗೆ ತುತ್ತಾದ ಮಹಿಳೆಯರು ಬ್ಯಾಂಕು ಮುಂತಾದ ಕಡೆ ಗುರುತಿನ ದೃಢೀಕರಣಕ್ಕೆ ಹೋದಾಗ, ಜೀವಂತ ಮನುಷ್ಯರೆಂದು ತೋರಿಸಲು ಕ್ಯಾಮೆರಾದೆದುರು ಕಣ್ಣು ಮಿಟುಕಿಸಬೇಕೆಂದು ಯಂತ್ರ ಕೇಳುತ್ತಿತ್ತು. ಸುಟ್ಟ ರೆಪ್ಪೆಗಳನ್ನು ಅವರು ಮಿಟುಕಿಸುವುದಾದರೂ ಹೇಗೆ? ಅವರ ಮೊರೆಯನ್ನು ಕೇಳಿದ ನ್ಯಾಯಾಲಯ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆಗಳನ್ನು ಪಡೆಯುವ ಅವಕಾಶ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿ, 20 ನಿರ್ದೇಶನಗಳನ್ನು ಕೊಟ್ಟಿತು. ಡಿಜಿಟಲ್ ಕಂದಕದಿಂದ ಹೊರಗುಳಿಯುವವರನ್ನು ಹೇಳುವಾಗ ಅಂಗವಿಕಲರು, ಹಳ್ಳಿಗರು, ವೃದ್ಧರು, ಬಡವರ ಜೊತೆಗೆ ಭಾಷಾ ಅಲ್ಪಸಂಖ್ಯಾತರನ್ನೂ ನ್ಯಾಯಾಲಯ ಹೆಸರಿಸಿತು. ಇದಕ್ಕೂ ಹಿಂದೆ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ, 2018ರ ಸೆಪ್ಟೆಂಬರ್ 26ರಂದು ಅದೇ ನ್ಯಾಯಾಲಯ ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದೂ, ಆಧಾರ್ ತೋರಿಸಲಾಗದ ಕಾರಣಕ್ಕೆ ಯಾವ ಮಗುವಿಗೂ ಸೌಲಭ್ಯ ನಿರಾಕರಿಸಬಾರದೆಂದೂ ಹೇಳಿತ್ತು. ಈ ಎರಡು ತೀರ್ಪುಗಳ ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ. ಕಚೇರಿಯಲ್ಲಿ ಮಾತಾಡುವಾಗ ಬೇಕಾಗುತ್ತವೆ.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಇದು ತೆಲುಗಿನೊಡನೆ ಜಗಳವಲ್ಲ. ಆ ದಿನ ಗೋರಂಟ್ಲದ ನೆಟ್ ಸೆಂಟರಿನಲ್ಲಿ ನಮ್ಮ ತಾಯಿಯ ಹಿಂದೆ ನಿಂತಿದ್ದ ತೆಲುಗು ತಾಯಿಯೂ ಅದೇ ಆರು ಅಕ್ಷರಗಳೆದುರು ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ತಮ್ಮ ರಾಜ್ಯದಲ್ಲಿ ತಮ್ಮ ಭಾಷೆಯೇ ರಾಜಭಾಷೆಯಾಗಿದ್ದರೂ ಅವರ ಪಾಡು ನಮ್ಮದಕ್ಕಿಂತ ಬೇರೆಯಾಗಿರಲಿಲ್ಲ. ಆದ್ದರಿಂದ ನಮ್ಮ ಬೇಡಿಕೆಗೆ ಅವರೂ ದನಿಗೂಡಿಸಬಲ್ಲರು.

ನಾವು ಕೇಳುವುದೇನು? ಮೊದಲನೆಯದಾಗಿ, ಮಕ್ಕಳ ಸೌಲಭ್ಯಗಳಿಗೆ ಸಂಬಂಧಿಸಿದ ಪುಟಗಳಲ್ಲಿ ಈ ತಪಾಸಣೆಯ ಸೂಚನೆಗಳು ತೆಲುಗು ಮತ್ತು ಕನ್ನಡದಲ್ಲಿಯೂ ಇರಲಿ. ಇದು ಅಸಾಧ್ಯದ ಮಾತಲ್ಲ. ಎಷ್ಟೋ ಪುಟಗಳು ಬಳಸುವ ಗೂಗಲ್ ಕಂಪನಿಯ ತಪಾಸಣೆಯಲ್ಲಿ ಸೂಚನೆಗಳನ್ನು ಕನ್ನಡದಲ್ಲಿ ತೋರಿಸುವ ಏರ್ಪಾಟು ಈಗಾಗಲೇ ಇದೆ, ಪುಟ ನಡೆಸುವವರು ಅದನ್ನು ಆರಿಸಿಕೊಳ್ಳಬೇಕಷ್ಟೆ. ಎರಡನೆಯದಾಗಿ, ಯಂತ್ರದ ಬಾಗಿಲು ತೆರೆಯದವರಿಗೆ ಮನುಷ್ಯರ ಬಾಗಿಲೊಂದು ಇರಲಿ. ಶಾಲೆಯಲ್ಲಿಯೋ ಗ್ರಾಮ ಸಚಿವಾಲಯದಲ್ಲಿಯೋ ಕಾಗದದ ಅರ್ಜಿ ತೆಗೆದುಕೊಂಡು, ರಸೀತಿ ಕೊಟ್ಟು, ಆ ದಿನವನ್ನೇ ಅರ್ಜಿಯ ದಿನವೆಂದು ಎಣಿಸಲಿ. ಮಗುವನ್ನು ದಿನವೂ ನೋಡುವ ಮುಖ್ಯೋಪಾಧ್ಯಾಯರ ಸಹಿಗಿಂತ ದೊಡ್ಡ ರುಜುವಾತು ಯಾವ ಯಂತ್ರದಲ್ಲಿದೆ? ಮೂರನೆಯದಾಗಿ, ಹೆಸರು ತಾಳೆಯಾಗದಿದ್ದರೆ ಅರ್ಜಿಯನ್ನು ತಿರಸ್ಕರಿಸುವ ಬದಲು, ತಪ್ಪೆಲ್ಲಿದೆ ಎಂದು ಪೋಷಕರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ, ತಿದ್ದಿಕೊಳ್ಳಲು ಕಾಲಾವಕಾಶ ಕೊಡಲಿ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಎರಡಾದ ಮೇಲೆ ಗೋರಂಟ್ಲ, ಹಿಂದೂಪುರದವರು ಶ್ರೀ ಸತ್ಯಸಾಯಿ ಜಿಲ್ಲೆಗೂ, ಕಲ್ಯಾಣದುರ್ಗ, ರಾಯದುರ್ಗದವರು ಅನಂತಪುರ ಜಿಲ್ಲೆಗೂ ಸೇರಿದ್ದಾರೆ. ಹಾಗಾಗಿ ಮನವಿ ಎರಡೂ ಜಿಲ್ಲೆಗಳ ಕಲೆಕ್ಟರಿಗೂ ಶಿಕ್ಷಣಾಧಿಕಾರಿಗೂ ಹೋಗಬೇಕು, ಕನ್ನಡದಲ್ಲಿಯೇ ಹೋಗಬೇಕು.

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ. ನಮ್ಮ ಕೈಯಲ್ಲಿರುವ ಕೆಲಸಗಳೂ ಕೆಲವಿವೆ. ಮಗುವಿನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದು ಕಾಗದದಲ್ಲಿ ಬರೆಸಿಟ್ಟು, ಶಾಲೆ, ಆಧಾರ್, ಬ್ಯಾಂಕು ಎಲ್ಲ ಕಡೆ ಅದೇ ಪ್ರಕಾರ ಬರೆಸಿ. ಹತ್ತನೆಯ ತರಗತಿಯ ನಾಮಿನಲ್ ರೋಲ್ ಕಳಿಸುವ ಮೊದಲು ಗುರುಗಳ ಬಳಿ ಹೋಗಿ ಕಣ್ಣಾರೆ ನೋಡಿ. ಅಲ್ಲಿ ಬಿದ್ದ ತಪ್ಪು ಸರ್ಟಿಫಿಕೇಟಿಗೂ ಇಳಿಯುತ್ತದೆ. 5 ಮತ್ತು 15 ವರ್ಷ ತುಂಬಿದಾಗ ಮಕ್ಕಳ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಆಧಾರಿನಲ್ಲಿ ಹೊಸದಾಗಿ ಕೊಡಬೇಕೆಂಬುದನ್ನು ಮರೆಯಬೇಡಿ. ಆಧಾರಿನಲ್ಲಿ ಇಂಗ್ಲಿಷಿನ ಜೊತೆ ಅಚ್ಚಾಗುವ ಭಾಷೆಗಳಲ್ಲಿ ಕನ್ನಡವೂ ಒಂದು; ಬೇಕಾದವರು ಕೇಳಿ. ಒಟಿಪಿ ಬರುವ ಫೋನು ದೂರದ ಊರಿನಲ್ಲಿರದೆ, ಅರ್ಜಿ ಹಾಕಲು ಹೋಗುವ ತಾಯಿಯ ಕೈಯಲ್ಲಿರುವಂತೆ ನೋಡಿಕೊಳ್ಳಿ. ಅಪಾರ್ ಸಂಖ್ಯೆಗೆ ಪೋಷಕರ ಒಪ್ಪಿಗೆ ಬೇಕು. ಆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ.

ಎಚ್ಚರಿಕೆಯ ಮಾತೊಂದಿದೆ. ನಾನು ಯಂತ್ರವಲ್ಲ ಎಂಬ ಚೌಕವನ್ನು ಮೋಸಗಾರರೂ ಈಗ ಬಳಸುತ್ತಿದ್ದಾರೆ. ನಿಜವಾದ ತಪಾಸಣೆ ಗುರುತು ಹಾಕಿ ಎನ್ನುತ್ತದೆ, ಅಕ್ಷರ ಒತ್ತಿ ಎನ್ನುತ್ತದೆ, ಚಿತ್ರ ಆರಿಸಿ ಎನ್ನುತ್ತದೆ, ಅಲ್ಲಿಗೆ ಮುಗಿಯಿತು. ಮನುಷ್ಯರೆಂದು ತೋರಿಸಲು ಬ್ಯಾಂಕಿನ ಪಿನ್ ಕೊಡಿ, ಹೊಸ ಆಪ್ ಹಾಕಿಕೊಳ್ಳಿ, ಹಣ ಕಟ್ಟಿ ಎಂದರೆ ಅದು ಮೋಸ. ಫೋನು ಮಾಡಿ ಒಟಿಪಿ ಕೇಳುವವನಿಗೂ ಹೇಳಬೇಡಿ, ಅವನು ಕನ್ನಡದಲ್ಲಿ ಎಷ್ಟೇ ನಯವಾಗಿ ಮಾತಾಡಲಿ.

ಆ ತಾಯಿಯ ಅರ್ಜಿ ಮೂರನೆಯ ಸಲ ಹೋದಾಗ ದಾಖಲಾಯಿತು. ಮೂರು ದಿನದ ಕೂಲಿ ಹೋಯಿತು, ನೆಟ್ ಸೆಂಟರಿನ ಖರ್ಚು ಬೇರೆ. ಮೂರನೆಯ ಸಲ ಸೊಟ್ಟ ಅಕ್ಷರಗಳನ್ನು ಓದಿ ಹೇಳಿದವಳು ಜೊತೆಗೆ ಬಂದಿದ್ದ ಮಗಳು. ಕನ್ನಡ ಮಾಧ್ಯಮದಲ್ಲಿ ಓದುವ ಹುಡುಗಿ ಇಂಗ್ಲಿಷ್ ಅಕ್ಷರಗಳನ್ನು ತಡವರಿಸದೆ ಓದಿದಳು. ನಮ್ಮ ಶಾಲೆಗಳ ಮಕ್ಕಳಿಗೆ ಇಂಗ್ಲಿಷ್ ಬಾರದೆಂದು ಆಡಿಕೊಳ್ಳುವವರಿಗೆ ಅದು ಉತ್ತರ. ಆದರೆ ಮಗಳು ಓದಬಲ್ಲಳೆಂಬ ಕಾರಣಕ್ಕೆ ತಾಯಿಯನ್ನು ಬಾಗಿಲಲ್ಲಿ ನಿಲ್ಲಿಸುವುದು ನ್ಯಾಯವಾಗುವುದಿಲ್ಲ. ಮಗಳಿಗೆ ಓದು ಬಂದಿದ್ದು ಆ ತಾಯಿ ಕೂಲಿ ಮಾಡಿ ಶಾಲೆಗೆ ಕಳಿಸಿದ್ದರಿಂದ. ಅವರನ್ನು ಮನುಷ್ಯರೆಂದು ಒಪ್ಪಲು ಅಷ್ಟು ಸಾಕು.

ಮುಂದಿನ ಪೋಷಕರ ಸಭೆಯಲ್ಲಿ ಈ ವಿಷಯವನ್ನು ಎತ್ತಿ. ನಿಮ್ಮ ಊರಿನಲ್ಲಿ ಎಷ್ಟು ಮಕ್ಕಳ ಹೆಸರು ತಾಳೆಯಾಗಿಲ್ಲ, ಎಷ್ಟು ಅರ್ಜಿಗಳು ನಿಂತಿವೆ ಎಂದು ಒಂದು ಪಟ್ಟಿ ಮಾಡಿ ಮುಖ್ಯೋಪಾಧ್ಯಾಯರಿಗೆ ಕೊಡಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ಎಣಿಕೆ ಅವರು ಮಾಡುವ ಮೊದಲು ನಾವೇ ಮಾಡಿಕೊಂಡಿರೋಣ.